ಸೊಂಟಕ್ಕೆ ಕಟ್ಟಿದ ಜಾಕೆಟ್

ಲಾಂಗ್ ಜಂಪ್ ಫೈನಲ್‌ನ ಕೊನೆಯ ಜಿಗಿತಕ್ಕೆ ನಾನು ಕೆಂಪು ಬಾವುಟ ಎತ್ತಿದೆ. ಆ ತೀರ್ಪಿನ ಬಗ್ಗೆ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಮೈಮೇಲೆ ಇನ್ನೊಂದು ಬಾವುಟವೂ ಇತ್ತು, ಅದು ಎಲ್ಲಿತ್ತು, ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ನೆನೆದರೆ ಎರಡು ವರ್ಷ ಕಳೆದ ಮೇಲೂ ಕಿವಿ ಬಿಸಿಯಾಗುತ್ತದೆ.

ನಾನು ಧಾರವಾಡ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ವರ್ಷಕ್ಕೆ ಏಳೆಂಟು ಅಥ್ಲೆಟಿಕ್ಸ್ ಕೂಟಗಳಲ್ಲಿ ಟೆಕ್ನಿಕಲ್ ಆಫೀಷಿಯಲ್ ಆಗಿ ಕೆಲಸ ಮಾಡುತ್ತೇನೆ. ಆ ವರ್ಷ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಆಹ್ವಾನಿತ ಕೂಟಕ್ಕೆ 72 ಮಂದಿ ಅಧಿಕಾರಿಗಳ ಸಮವಸ್ತ್ರದ ಹೊಣೆ ನನ್ನ ತಲೆಗೆ ಬಂತು. ಯಾರೂ ಒಪ್ಪದ ಕೆಲಸವದು. ಗ್ರೂಪಿನಲ್ಲಿ ಅಳತೆ ಕೇಳಿದರೆ ಎಲ್ಲರೂ ಹತ್ತು ವರ್ಷದ ಹಿಂದಿನ ಅಳತೆಯನ್ನೇ ಬರೆಯುತ್ತಾರೆ, ಬಟ್ಟೆ ಬಂದ ದಿನ ಹೊಟ್ಟೆಗೆ ಜಿಪ್ ಏರುವುದಿಲ್ಲವೆಂದು ನಮ್ಮನ್ನೇ ಬೈಯುತ್ತಾರೆ. ಹೇಗೂ ಬೈಸಿಕೊಳ್ಳುವುದಿದೆ, ಏನಾದರೂ ಹೊಸತನ್ನಾದರೂ ಮಾಡೋಣವೆಂದು ಜಾಕೆಟ್‌ನ ಎಡತೋಳಿಗೆ ತ್ರಿವರ್ಣ ಧ್ವಜದ ಪಟ್ಟಿ ಹೊಲಿಸುವ ಪ್ರಸ್ತಾಪವನ್ನು ನಾನೇ ಸಭೆಯ ಮುಂದಿಟ್ಟೆ.

ನಮ್ಮ ಚೀಫ್ ಜಡ್ಜ್ ಒಬ್ಬರೇ ವಿರೋಧಿಸಿದರು. ನಿವೃತ್ತ ದೈಹಿಕ ಶಿಕ್ಷಕರು, ನನಗೆ ಸ್ಟಾಪ್‌ವಾಚ್ ಹಿಡಿಯುವುದನ್ನು ಕಲಿಸಿದವರು. "ನಾವು ತಂಡವಲ್ಲ ಮೇಷ್ಟ್ರೇ, ತಂಡಗಳ ನಡುವೆ ನಿಲ್ಲೋರು" ಎಂದರು. ಅಂತರರಾಷ್ಟ್ರೀಯ ಫುಟ್‌ಬಾಲ್ ರೆಫ್ರಿಯ ಎದೆಯ ಮೇಲೆ ಇರುವುದು ಫಿಫಾದ ಬ್ಯಾಡ್ಜ್ ಎಂದೂ, ಟೆಸ್ಟ್ ಪಂದ್ಯಗಳಿಗೆ 1994ರಿಂದ ಒಬ್ಬ, 2002ರಿಂದ ಇಬ್ಬರೂ ತಟಸ್ಥ ದೇಶದ ಅಂಪೈರುಗಳಿರಬೇಕೆಂಬ ನಿಯಮ ಬಂದದ್ದು ಸುಮ್ಮನೆ ಅಲ್ಲವೆಂದೂ ವಿವರಿಸಿದರು. ಅಮೆರಿಕದಲ್ಲಿ ಶಾಲಾ ಪಂದ್ಯಗಳ ರೆಫ್ರಿಗಳು ತಮ್ಮ ದೇಶದ ಧ್ವಜ ಹೊಲಿಸಿಕೊಂಡಿರುವ ಚಿತ್ರಗಳನ್ನು ನಾನು ತೋರಿಸಿದೆ. "ಅಲ್ಲಿ ಆಡೋ ಎರಡೂ ತಂಡ ಅದೇ ದೇಶದ್ದು. ನಮ್ಮ ಕೂಟಕ್ಕೆ ಶ್ರೀಲಂಕಾದವರೂ ಬರ್ತಿದಾರೆ" ಎಂದರು ಅವರು. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಆದರೆ ಬಹುಮತ ಇತ್ತು.

ಪ್ರಸ್ತಾಪ ಪಾಸಾದ ಮೇಲೆ ನಾನು ಧ್ವಜ ಸಂಹಿತೆಯ ಪಂಡಿತನೇ ಆಗಿಬಿಟ್ಟೆ. ಪಟ್ಟಿಯ ಬಿಳಿ ಭಾಗದಲ್ಲಿ "ಆಫೀಷಿಯಲ್" ಎಂದು ಬರೆಸೋಣವೆಂದು ಒಬ್ಬರು ಕೇಳಿದಾಗ, ಧ್ವಜದ ಮೇಲೆ ಯಾವ ಅಕ್ಷರವೂ ಇರಕೂಡದೆಂದು 2002ರ ಸಂಹಿತೆಯನ್ನು ತೆಗೆದು ಓದಿದೆ. ಪ್ರಾಯೋಜಕರ ಲಾಂಛನವನ್ನು ಧ್ವಜದ ಮೇಲ್ಭಾಗದಲ್ಲಿ ಹಾಕಬೇಕೆಂಬ ಒತ್ತಾಯ ಬಂದಾಗ ಅದನ್ನು ಬಲತೋಳಿಗೆ ಅಟ್ಟಿದೆ. ವಕೀಲರೂ ಆಗಿದ್ದ ಕಾರ್ಯದರ್ಶಿಗಳು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ಸಿಕ್ಕಿಸಿದರು. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು, ಧ್ವಜವನ್ನು ಸಮವಸ್ತ್ರದಲ್ಲಿ ಸೊಂಟದ ಕೆಳಗೆ ಧರಿಸಬಾರದೆಂದು ಹೇಳಿತಷ್ಟೆ. ಆದರೆ ಅದೇ ಸಾಲಿನಲ್ಲಿ ದಿಂಬು, ಕರವಸ್ತ್ರ, ಒಳಉಡುಪುಗಳ ಜೊತೆಗೆ ಯಾವುದೇ ಉಡುಪಿನ ಬಟ್ಟೆಯ ಮೇಲೂ ಧ್ವಜವನ್ನು ಕಸೂತಿ ಮಾಡುವುದು, ಮುದ್ರಿಸುವುದು ತಪ್ಪು ಎಂದೂ ಇದೆಯಲ್ಲ ಎಂದರು. ನಾವು ಬಟ್ಟೆಯ ಮೇಲೆ ಕಸೂತಿ ಹಾಕುತ್ತಿಲ್ಲ, ಬೇರೆಯಾಗಿಯೇ ತಯಾರಾದ ಪಟ್ಟಿಯನ್ನು ತಂದು ಹೊಲಿಸುತ್ತಿದ್ದೇವೆ ಎಂದು ವಾದಿಸಿದೆ. ಆ ವಾದ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೋ ಇಲ್ಲವೋ, ಸಭೆಯಲ್ಲಿ ನಿಂತಿತು. "ಸೊಂಟದ ಕೆಳಗೆ" ಎಂಬ ಮಾತನ್ನು ಆ ದಿನ ನಾನೇ ಮೂರು ಬಾರಿ ಹೇಳಿದ್ದೆ, ಹೇಳುವಾಗ ನನ್ನ ತಲೆಯಲ್ಲಿ ಇದ್ದದ್ದು ಪ್ಯಾಂಟಿನ ಜೇಬು ಮಾತ್ರ.

ಮೊದಲ ಮಾದರಿ ಬಂದಾಗ ಅದನ್ನು ಹುಬ್ಬಳ್ಳಿಯ ನಮ್ಮ ದೊಡ್ಡಮ್ಮನ ಮಗಳಿಗೆ ತೋರಿಸಿದೆ. ಆಕೆ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕದಲ್ಲಿ ಹೊಲಿಗೆಯ ಕೆಲಸದಲ್ಲಿದ್ದಾಳೆ. ಹೊಗಳಿಕೆ ನಿರೀಕ್ಷಿಸಿ ಕೊಟ್ಟಿದ್ದೆ. ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚಕ್ರದಾಗ ಗೆರಿ ಎಷ್ಟ ಅದಾವು ಎಣಿಸಿಯೇನೋ ತಮ್ಮಾ?" ಎಂದಳು. ಎಣಿಸಿದೆ. ಹನ್ನೆರಡರವರೆಗೆ ಬಂದು ನಿಂತೆ, ಮುಂದಿನದೆಲ್ಲ ನೀಲಿ ಗಂಟು.

ಅದರ ಲೆಕ್ಕ ಆಮೇಲೆ ತಿಳಿಯಿತು. ನಿಗದಿತ ಅಳತೆಗಳಲ್ಲಿ ಅತಿ ಚಿಕ್ಕ ಧ್ವಜವೇ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲ, ಅದರ ಚಕ್ರದ ವ್ಯಾಸ 25 ಮಿ.ಮೀ. ನಮ್ಮ ಪಟ್ಟಿ 60ಕ್ಕೆ 40, ಅದೇ ಪ್ರಮಾಣದಲ್ಲಿ ಚಕ್ರ 10 ಮಿ.ಮೀ. ಆಗುತ್ತದೆ. ಅಷ್ಟು ಚಿಕ್ಕ ವೃತ್ತದ ಅಂಚಿನಲ್ಲಿ 24 ಗೆರೆಗಳನ್ನು ಕೂರಿಸಿದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದೂಕಾಲು ಮಿಲಿಮೀಟರಿನಷ್ಟು ಜಾಗ, ಕೇಂದ್ರದ ಕಡೆಗೆ ಬಂದಂತೆ ಅದೂ ಇಲ್ಲ. ಕಸೂತಿ ಯಂತ್ರದ ದಾರಕ್ಕೂ ದಪ್ಪವೆಂಬುದು ಇದೆಯಲ್ಲ. ಹೀಗಾಗಿ ಕಸೂತಿ ಬಿಟ್ಟು, ಶರ್ಟಿನ ಕತ್ತಿನ ಲೇಬಲ್ ನೇಯುವವರಿಂದ ಸಣ್ಣ ದಾರದಲ್ಲಿ ಪಟ್ಟಿ ನೇಯಿಸಿದೆವು. ಅಕ್ಕ ಭೂತಗನ್ನಡಿ ಹಿಡಿದು 24 ಎಣಿಸಿ, ತಲೆಯಾಡಿಸಿ, "ಇನ್ನ ಇದನ್ನ ಯಾರ್ ಹೆಂಗ್ ಹಾಕ್ಕೋತಾರ ಅದನ್ನ ನೋಡ್ಕೋ" ಎಂದಳು. ಕೇಸರಿ ಮೇಲೆ ಬರುವ ಹಾಗೆ ಹೊಲಿಯಲು ದರ್ಜಿಗೆ ಹೇಳಬೇಕೆಂಬ ಅರ್ಥದಲ್ಲಿ ನಾನು ಅದನ್ನು ತೆಗೆದುಕೊಂಡೆ.

ಕೂಟದ ಎರಡನೆಯ ದಿನ ಬೆಳಗ್ಗೆ ಚಳಿ ಇತ್ತು, 72 ಜಾಕೆಟ್‌ಗಳೂ ತೊಟ್ಟವರ ಮೈಮೇಲೆಯೇ ಇದ್ದವು. ಸ್ಪರ್ಧಿಗಳು ಕಣಕ್ಕಿಳಿಯುವ ಮುನ್ನ ಸೇರುವ ಕಾಲ್ ರೂಮಿನಲ್ಲಿ ಹುಡುಗರ ಬನಿಯನ್ನಿನ ಲಾಂಛನಗಳನ್ನು ಸ್ಕೇಲ್ ಹಿಡಿದು ಅಳೆದು, ಒಬ್ಬನ ನಂಬರಿನ ಬಿಬ್‌ಗೆ ನಾಲ್ಕನೆಯ ಪಿನ್ ಹಾಕಿಸಿದ ಮೇಲೆಯೇ ನಾನು ಲಾಂಗ್ ಜಂಪ್ ಪಿಟ್‌ಗೆ ಹೋದದ್ದು. ಮಧ್ಯಾಹ್ನ ಎರಡರ ಹೊತ್ತಿಗೆ ಸಿಂಥೆಟಿಕ್ ಟ್ರ್ಯಾಕ್ ಕಾವಲಿಯಂತೆ ಕಾಯ್ದಿತ್ತು. ಜಾಕೆಟ್ ಇಡಲು ಜಾಗವಿಲ್ಲ. ಅಧಿಕಾರಿಗಳ ಬ್ಯಾಗುಗಳು ಸ್ಟ್ಯಾಂಡಿನ ಕೆಳಗಿನ ಕೋಣೆಯಲ್ಲಿ, ಕೋಣೆಯ ಕೀಲಿ ಊಟಕ್ಕೆ ಹೋದವರ ಜೇಬಿನಲ್ಲಿ. ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಆಗಲೂ ಮಾಡಿದೆ, ಜಾಕೆಟ್ ಕಳಚಿ ತೋಳುಗಳನ್ನು ಸೊಂಟಕ್ಕೆ ಬಿಗಿದುಕೊಂಡೆ. ಪಿಟ್‌ನಲ್ಲಿದ್ದ ಆರೂ ಮಂದಿ ಹಾಗೆಯೇ ಮಾಡಿದ್ದರು.

ಆರನೆಯ ಸುತ್ತು. ಶ್ರೀಲಂಕಾದ ಹುಡುಗ ಮೂರನೆಯ ಸ್ಥಾನದಲ್ಲಿದ್ದ, ಎರಡನೆಯವನು ನಮ್ಮವನು. ಆ ಹುಡುಗನ ಓಟ ಚೆನ್ನಾಗಿ ಬಂತು, ಟೇಕ್-ಆಫ್ ಕೂಡ, ಮರಳಿನಲ್ಲಿ ಅವನು ಬಿದ್ದ ಜಾಗ ನೋಡಿಯೇ ಸ್ಟ್ಯಾಂಡಿನಲ್ಲಿ ಕೂಗು ಎದ್ದಿತು. ನಾನು ಟೇಕ್-ಆಫ್ ಬೋರ್ಡಿನ ಬದಿಯ ಕುರ್ಚಿಯಲ್ಲಿದ್ದೆ. ಬೋರ್ಡಿನ ಗೆರೆ ದಾಟಿದರೆ ಗುರುತು ಮೂಡಲೆಂದು ಹಾಕಿದ ಮೆತ್ತನೆಯ ಪ್ಲಾಸ್ಟಿಸಿನ್ ಮೇಲೆ ಸ್ಪೈಕಿನ ಎರಡು ಗುರುತು, ಅಕ್ಕಿಕಾಳಿನಷ್ಟು ಆಳ. ಫೌಲ್ ಎಂದು ಕೆಂಪು ಎತ್ತಿದೆ. ಹುಡುಗ ಮರಳಿನಲ್ಲಿಯೇ ಕುಳಿತು ಕೈ ಎತ್ತಿ ಪ್ರೊಟೆಸ್ಟ್ ಎಂದ. ಕುಂಟೆ ಹಿಡಿದಿದ್ದ ಸ್ವಯಂಸೇವಕ ಆಗಲೇ ಮರಳಿಗೆ ಕುಂಟೆ ಇಟ್ಟು, ಅಳೆಯಬೇಕಾದ ಗುರುತನ್ನು ಅಳಿಸುವುದರಲ್ಲಿದ್ದ, ನಾನು ಕಿರುಚಿದ ಸದ್ದಿಗೆ ಅದು ಅವನ ಕೈಯಿಂದ ಜಾರಿತು. ರೆಫ್ರಿ ಬರುವವರೆಗಿನ ಮೂರೋ ನಾಲ್ಕೋ ನಿಮಿಷ ನಾನು ಬೋರ್ಡನ್ನು ಕಾಯುತ್ತಾ ಮಂಡಿಯೂರಿ ಕುಳಿತಿದ್ದೆ. ಆ ಹುಡುಗ ಎದ್ದು ಬಂದು ಎದುರಿಗೆ ನಿಂತು ನನ್ನನ್ನೇ ನೋಡುತ್ತಿದ್ದ. ನನ್ನ ಮುಖ ನೋಡುತ್ತಿದ್ದಾನೆಂದು ತಿಳಿದು ನಾನು ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡಿದ್ದೆ.

ರೆಫ್ರಿ ಬಂದು, ಪ್ರೊಟೆಸ್ಟ್ ಅಡಿಯಲ್ಲಿ ಜಿಗಿತವನ್ನು ಅಳೆಸಿ, ಗುರುತನ್ನು ಬಗ್ಗಿ ನೋಡಿ, ಹುಡುಗನ ಕೋಚ್‌ಗೂ ತೋರಿಸಿ, ಫೌಲ್ ಎಂದೇ ಬರೆಸಿದರು. ನಿಯಮದ ಪ್ರಕಾರ ಎಲ್ಲವೂ ಆಯಿತು. ಹೊರಡುವ ಮುನ್ನ ಆ ಕೋಚ್ ನನ್ನ ಬಳಿ ಬಂದರು. ಅರ್ಧ ಇಂಗ್ಲಿಷ್, ಅರ್ಧ ತಮಿಳಿನಲ್ಲಿ ಅವರು ಹೇಳಿದ್ದು ಇಷ್ಟು: ಗುರುತು ನಾನೇ ನೋಡಿದೆ ಸರ್, ಫೌಲೇ. ಆದರೆ ಹುಡುಗ ಬೋರ್ಡನ್ನು ನೋಡಿಲ್ಲ, ಅವನು ನೋಡಿದ್ದು ಇದನ್ನು. ಅವನಿಗೆ ನಾನು ಏನೆಂದು ಹೇಳಲಿ?

"ಇದನ್ನು" ಎನ್ನುತ್ತಾ ಅವರು ತೋರಿಸಿದ ಬೆರಳು ನನ್ನ ತೋಳಿನ ಕಡೆಗೆ ಬರಲಿಲ್ಲ, ಕೆಳಗೆ ಹೋಯಿತು. ಅಲ್ಲಿಗೆ ಹೋದ ಬೆರಳನ್ನು ಅವರು ಥಟ್ಟನೆ ಹಿಂದಕ್ಕೆಳೆದುಕೊಂಡರು, ಮತ್ತೇನೂ ಹೇಳದೆ ನಡೆದರು. ನಾನು ಬಗ್ಗಿ ನೋಡಿಕೊಂಡೆ. ಧ್ವಜ ನನ್ನ ಎಡತೊಡೆಯ ಮೇಲ್ಭಾಗದಲ್ಲಿ ಉದ್ದುದ್ದ ತಿರುಗಿ ಕೂತಿತ್ತು. ಬಿಳಿ ಪಟ್ಟಿಯ ಮೇಲೆ, ಭೂತಗನ್ನಡಿ ಹಿಡಿದು ಎಣಿಸಿದ್ದ ಆ 24 ಗೆರೆಗಳನ್ನು ಮುಚ್ಚುವಂತೆ, ಜಿಡ್ಡು ಜಿಡ್ಡಾದ ಪ್ಲಾಸ್ಟಿಸಿನ್‌ನ ಎರಡು ಬೆರಳಚ್ಚು. ಹಿಂದಿನ ಫೌಲ್ ಆದಾಗ ಬೋರ್ಡನ್ನು ಸಮ ಮಾಡಿದ ಕೈಯನ್ನು ನಾನು ನೋಡದೆಯೇ ಅಲ್ಲಿಗೆ ಒರೆಸಿಕೊಂಡಿದ್ದೆ.

ಸಂಜೆ ಗ್ರೂಪಿನಲ್ಲಿ ಯಾರೋ ನನ್ನ ಚಿತ್ರ ಹಾಕಿದರು, ಕೆಂಪು ಬಾವುಟ ನೆಟ್ಟಗೆ ಎತ್ತಿ ನಿಂತದ್ದು. ಮೂವತ್ತೊಂದು ಮಂದಿ ಹೆಬ್ಬೆರಳು ಒತ್ತಿದ್ದರು. ಚಿತ್ರದಲ್ಲಿ ಸೊಂಟವೂ ಕಾಣುತ್ತಿತ್ತು, ಯಾರಿಗೂ ಕಂಡಿರಲಿಲ್ಲ. ಸಮವಸ್ತ್ರದ ಮಾದರಿಯನ್ನು ನಾವು ಆಫೀಸಿನ ಫ್ಯಾನಿನ ಕೆಳಗೆ, ಅಟೆನ್ಷನ್‌ನಲ್ಲಿ ನಿಂತವನ ಮೈಮೇಲೆ ನೋಡಿ ಒಪ್ಪಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಬಗ್ಗುವವನ, ಒರೆಸಿಕೊಳ್ಳುವವನ, ಕಳಚುವವನ ಮೈಮೇಲೆ ನೋಡಬೇಕಿತ್ತು. ಹಾಗೆ ನೋಡಿದ್ದರೆ ಪಟ್ಟಿಯನ್ನು ಟಿ-ಶರ್ಟಿಗೆ ಹೊಲಿಸಿ ಸೊಂಟದ ಸಮಸ್ಯೆಯಿಂದ ಪಾರಾಗಬಹುದಿತ್ತು. ಹುಡುಗನ ಕಣ್ಣಿನ ಸಮಸ್ಯೆ ಆಗಲೂ ಉಳಿಯುತ್ತಿತ್ತು. ಸಭೆಯಲ್ಲಿ ನನ್ನಲ್ಲಿ ಉತ್ತರವಿಲ್ಲದೆ ಬಹುಮತದಿಂದ ಗೆದ್ದ ಪ್ರಶ್ನೆಯೂ ಅದೇ.

ಚೀಫ್ ಜಡ್ಜ್ ಏನೂ ಅನ್ನಲಿಲ್ಲ. ರಾತ್ರಿ ಊಟವಾದ ಮೇಲೆ ನನ್ನ ಕೋಣೆಗೆ ಬಂದು ಅರ್ಧ ಡಜನ್ ಬ್ಲೇಡುಗಳನ್ನು ಮಂಚದ ಮೇಲಿಟ್ಟು, ತಾವೂ ಒಂದು ಜಾಕೆಟ್ ಎಳೆದುಕೊಂಡು ಕುಳಿತರು. ನಾಲ್ಕು ಜನ ಸೇರಿ ಒಂದೂವರೆಯವರೆಗೆ ಹೊಲಿಗೆ ಬಿಚ್ಚಿದೆವು. ಮೂರನೆಯ ದಿನ ನಮ್ಮೆಲ್ಲರ ಎಡತೋಳಿನ ಮೇಲೆ ಸೂಜಿತೂತುಗಳ ಒಂದು ಖಾಲಿ ಚೌಕಟ್ಟು ಇತ್ತು. ಕಾರಣ ಕೇಳಿದವರಿಗೆ ಹೊಲಿಗೆ ಸರಿ ಇರಲಿಲ್ಲವೆಂದು ಕಾರ್ಯದರ್ಶಿಗಳು ಹೇಳಿದರು. ಪಾಪ, ಆ ದರ್ಜಿಯ ಹೊಲಿಗೆ ಬಲವಾಗಿಯೇ ಇತ್ತು, ಬಿಚ್ಚಿದ ನಮ್ಮ ಬೆರಳುಗಳಿಗೇ ಗೊತ್ತು.

ಕೊಳೆಯಾದ, ಹಾಳಾದ ಧ್ವಜವನ್ನು ಇಡಿಯಾಗಿ, ಖಾಸಗಿಯಾಗಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ಮುಗಿಸಬೇಕೆಂದು ಸಂಹಿತೆ ಹೇಳುತ್ತದೆ. ಅಕ್ಕನನ್ನು ಕೇಳಿದೆ. "ಎಣಿಸಿ ತಗೊಂಡು ಬಾ, ನಾನೂ ಕೂಡ್ತೀನಿ. ಒಂದೂ ಕಮ್ಮಿ ಇರಬಾರದ ನೋಡು" ಎಂದಳು. ಎಣಿಸಿದರೆ 69. ಮೂವರು ಎರಡನೆಯ ದಿನದ ರಾತ್ರಿ ಬಸ್ಸಿಗೇ ಊರಿಗೆ ಹೊರಟಿದ್ದರು. ಫೋನ್ ಮಾಡಿದೆ. ಒಬ್ಬರ ಜಾಕೆಟ್ ಮಗ ಟ್ಯೂಷನ್ನಿಗೆ ಹಾಕಿಕೊಂಡು ಹೋಗುತ್ತಾನಂತೆ, ಇನ್ನೊಬ್ಬರದು ಅತ್ತೆಯ ಊರಿನಲ್ಲಿ ಉಳಿದಿದೆಯಂತೆ, ಮೂರನೆಯವರು ಟಿಎ ಬಿಲ್ ಬರುವವರೆಗೆ ಸಮಿತಿಯ ಯಾರ ಫೋನನ್ನೂ ಎತ್ತುವುದಿಲ್ಲವಂತೆ. ಆ 69 ಪಟ್ಟಿಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ನಮ್ಮ ಶಾಲೆಯ ಕ್ರೀಡಾ ಕೋಣೆಯ ಬೀರುವಿನಲ್ಲಿ, ಅಳತೆಪಟ್ಟಿಯ ಪಕ್ಕದಲ್ಲಿ ಇನ್ನೂ ಇವೆ. ಟಿಎ ಬಿಲ್ ಇನ್ನೂ ಬಂದಿಲ್ಲ.