ಬೀದರಿನ ಮಾತುಗಳ ನಡುವೆ

ಕನ್ನಡವೊಂದನ್ನು ಬಿಟ್ಟರೆ ಬೇರಾವ ಭಾಷೆಯೂ ನನಗೆ ಬಾರದು. ಇಂಗ್ಲಿಷ್ ಬೋರ್ಡನ್ನು ಅಕ್ಷರ ಕೂಡಿಸಿ ಓದಬಲ್ಲೆನಾದರೂ ಯಾರಾದರೂ ಮಾತನಾಡಿದರೆ ತಿಳಿಯುವುದಿಲ್ಲ. ಹಿಂದಿಯಂತೂ ಅಷ್ಟೂ ಇಲ್ಲ. ಹಾಸನದ ಕಡೆ ಇದೊಂದು ಕೊರತೆಯೆಂದು ಅನ್ನಿಸುವ ಸಂದರ್ಭವೇ ಕಡಿಮೆ. ಆದರೆ ಬೀದರಿಗೆ ಹೊರಟಿದ್ದೇನೆಂದಾಗ ನೆರೆಮನೆಯ ಹಿರಿಯರೊಬ್ಬರು, "ಅಲ್ಲಿ ಉರ್ದು ಬರ್ದೇ ಇದ್ರೆ ಒಂದು ಲೋಟ ಟೀನೂ ಹುಟ್ಟಲ್ಲ ಕಣಯ್ಯ" ಎಂದು ಹೆದರಿಸಿದ್ದರು.

ಕಲಬುರಗಿಯಲ್ಲಿ ಹತ್ತಿದ ರೈಲಿನಲ್ಲೇ ಆ ಮಾತು ಅರ್ಧ ಸುಳ್ಳಾಯಿತು. 2017ರಲ್ಲಿ ಆರಂಭವಾದ ಈ ಮಾರ್ಗ ಹುಮನಾಬಾದಿನ ಮೇಲೆ ಹಾದು ಬೀದರನ್ನು ಸೇರುತ್ತದೆ. ಎದುರಿಗೆ ಕುಳಿತಿದ್ದ ಭಾಲ್ಕಿಯ ಅಜ್ಜಿಯೊಬ್ಬರು ಸೊಸೆಯೊಡನೆ ಮರಾಠಿಯಲ್ಲಿಯೂ ಕಡಲೆ ಮಾರುವವನೊಡನೆ ದಖನಿ ಉರ್ದುವಿನಲ್ಲಿಯೂ ಮಾತು ಮುಗಿಸಿ, ನನ್ನ ಕಡೆ ತಿರುಗಿ "ಎಲ್ಲಿತನ ಹೊಂಟಿ, ತಮ್ಮಾ?" ಎಂದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲವಂತೆ.

ಈ ಸಲೀಸುತನದ ಹಿಂದೆ ಒಂದು ಚರಿತ್ರೆಯಿದೆ. ಬೀದರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ಜಿಲ್ಲೆಯನ್ನು ಹಂಚಿದಾಗ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂತು. ಗಡಿ ಬಿದ್ದರೂ ಬೀಗತನ, ದನದ ಸಂತೆ, ಬಟ್ಟೆಯ ವ್ಯಾಪಾರ ಹಿಂದಿನಂತೆಯೇ ನಡೆದವು.

ಮಹಮೂದ್ ಗವಾನನ ಮದರಸಾಕ್ಕೆ ಕರೆದೊಯ್ದ ಆಟೋ ಚಾಲಕ ಉರ್ದು ಶಾಲೆಯಲ್ಲಿ ಕಲಿತವನು. ಪರ್ಷಿಯಾದ ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದ ಮುಂಭಾಗ, 17ನೆಯ ಶತಮಾನದ ಕೊನೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಅರ್ಧಕ್ಕರ್ಧ ಹಾರಿಹೋಗಿದ್ದು, ಉಳಿದ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ ಹೆಂಚುಗಳು ಇನ್ನೂ ಹೊಳೆಯುತ್ತಿವೆ. ಗೋಡೆಯ ಮೇಲಿನ ಬರಹದ ಸಾಲೊಂದನ್ನು ಅವನು ಬೆರಳಾಡಿಸುತ್ತ ಓದಿದ. ಏನು ಬರೆದಿದೆಯೆಂದು ಕೇಳಿದೆ. "ಓದ್ಲಿಕ್ಕಿ ಬರ್ತದ್ರಿ ಸರ್, ಅರ್ಥ ಗೊತ್ತಿಲ್ಲ. ಅದು ಅರಬ್ಬಿ" ಎಂದು ನಕ್ಕ. ಆ ಗೋಡೆಯ ಮುಂದಾದರೂ ನಾವಿಬ್ಬರೂ ಹೆಚ್ಚುಕಡಿಮೆ ಸಮಾನರಾದೆವೆಂಬ ಸಣ್ಣ ಸಂತೋಷ ನನಗಾಯಿತೆಂದು ಒಪ್ಪಿಕೊಳ್ಳಬೇಕು.

ಬಿದರಿ ಕುಶಲಕರ್ಮಿಗಳ ಕೋಣೆಯಲ್ಲಿ ಹಾಗಾಗಲಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರೆದ ಹೂಜಿಯ ಮೈಯಲ್ಲಿ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದನ್ನು, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಬಿಸಿನೀರಿನಲ್ಲಿ ಅದನ್ನು ಅದ್ದಿದೊಡನೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವುದನ್ನು ಹಿರಿಯ ಉಸ್ತಾದರು ಕನ್ನಡದಲ್ಲೇ ವಿವರಿಸಿದರು. ಒಳ್ಳೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಗುರುತಿಸುತ್ತಾರೆಂದೂ ಹೇಳಿದರು. ಅಷ್ಟರಲ್ಲಿ ಹುಡುಗನೊಬ್ಬ ಉರ್ದುವಿನಲ್ಲಿ ಏನೋ ಅಂದ, ಕೋಣೆಯೆಲ್ಲ ನಕ್ಕಿತು. ಏನೆಂದು ಕೇಳಿದ್ದಕ್ಕೆ, "ಏನಿಲ್ರಿ, ಸುಮ್ನೆ ಚೇಷ್ಟಿ" ಎಂಬ ಉತ್ತರ ಬಂತು. ಕೆಲಸದ ಮಾತು ಕನ್ನಡಕ್ಕೆ ದಾಟಿತು, ನಗೆ ಆಚೆಯೇ ಉಳಿಯಿತು. ನನ್ನಂಥವನಿಗೆ ಇಲ್ಲಿ ಅನ್ನ, ನೀರು, ದಾರಿ ಯಾವುದಕ್ಕೂ ತೊಂದರೆಯಾಗದು. ಆದರೆ ಆ ಅನುಕೂಲದ ಶ್ರಮವನ್ನೆಲ್ಲ ಹೊರುವವರು ಇಲ್ಲಿಯವರು.

ಅಷ್ಟೂರಿನ ಅಹಮದ್ ಶಾಹ ವಲಿಯ ಗೋರಿಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ಉಸ್ತುವಾರಿಯವರು ಟಾರ್ಚು ಹಿಡಿದು ಒಳಛಾವಣಿಯ ಬಣ್ಣದ ಚಿತ್ತಾರವನ್ನು ತೋರಿಸುತ್ತ ಮರಾಠಿ ಕುಟುಂಬವೊಂದಕ್ಕೆ ಬಹಳ ಹೊತ್ತು ಕಥೆ ಹೇಳಿದರು. ನನ್ನ ಪಾಲಿಗೆ ಬಂದದ್ದು ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಸುಲ್ತಾನನ ಹೆಸರು ಮತ್ತು 1436ರಲ್ಲಿ ಆತ ತೀರಿಕೊಂಡನೆಂಬ ವಿವರ, ಅಷ್ಟೇ. ಅವರ ಕನ್ನಡ ಅಲ್ಲಿಗೆ ನಿಂತಿತ್ತು. ಆಟೋ ಚಾಲಕನಿಗೆ ಹೇಳಿ ಉಳಿದದ್ದನ್ನು ಉರ್ದುವಿನಲ್ಲಿ ಕೇಳಿಸಿದೆ. ಈ ಸುಲ್ತಾನನನ್ನು ಅನೇಕ ಹಿಂದೂಗಳು ಅಲ್ಲಮಪ್ರಭುವಿನ ರೂಪವೆಂದು ನಂಬುತ್ತಾರೆಂದೂ, ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆಂದೂ, ಕನ್ನಡ ನಾಡಿನ ಈ ಸಂಗತಿ ನನಗೆ ತಿಳಿದದ್ದು ಉರ್ದುವಿನ ಮೂಲಕ ಸುತ್ತಿ ಬಂದ ಮೇಲೆಯೇ.