ಮುದ್ದೆ ಮುರಿಯೋದು ಹೆಂಗವ್ವ?

ಮಂಡ್ಯದ ಹುಡುಗರಿಗೆ ನಾಟಕ ಹೊಸದೇನಲ್ಲ. ಹಬ್ಬ, ಜಾತ್ರೆ ಬಂದರೆ ಊರಲ್ಲಿ ಕುರುಕ್ಷೇತ್ರ ಇದ್ದೇ ಇರುತ್ತದೆ. ನಮ್ಮ ಚಿಕ್ಕಪ್ಪ ಕೈಯಿಂದ ದುಡ್ಡು ಹಾಕಿ ದುರ್ಯೋಧನನ ಪಾರ್ಟು ಹಿಡಿದವರು. ಆದರೂ ಕನ್ನಡ ಮೇಷ್ಟ್ರು ಕುವೆಂಪು ಅವರ 'ಬೆರಳ್‌ಗೆ ಕೊರಳ್' ತಂದಾಗ ಒಂಬತ್ತನೇ ಕ್ಲಾಸು ಕಕ್ಕಾಬಿಕ್ಕಿಯಾಯಿತು. 1947ರ ನಾಟಕ, ಭಾಷೆ ಮಾತ್ರ ಹಳಗನ್ನಡ. ಏಕಲವ್ಯನ ಕತೆ ಎಲ್ಲರಿಗೂ ಗೊತ್ತು, ಮಾತು ಒಬ್ಬರಿಗೂ ಬಾಯಿಗೆ ಹತ್ತದು.

ಮೇಷ್ಟ್ರು ಅರ್ಥ ಬರೆಸಲಿಲ್ಲ. ಗೈಡ್ ನಂಬಿಕೊಂಡವರಿಗೆ ದಿಗಿಲಾಯಿತು. ನಾಟಕದಲ್ಲಿ ಇಲ್ಲದ ಒಂದು ದೃಶ್ಯವನ್ನು ನೀವೇ ಬರೆಯಿರಿ, ಮನೆ ಮಾತಲ್ಲೇ ಬರೆಯಿರಿ ಅಂದರು. ಷರತ್ತು ಒಂದೇ. "ಅರ್ಜುನ ಹಿಂಗೆ ಆಡ್ತಾನೆ ಅನ್ನೋಕೆ ಪುಸ್ತಕದಲ್ಲಿ ಎಲ್ಲಿದೆ, ಸಾಲು ತೋರ್ಸು" ಅನ್ನುವರು. ಸಾಲು ಹುಡುಕಲು ಹೋಗಿಯೇ ನಾವು ಅದನ್ನು ಪೂರ್ತಿ ಓದಿದ್ದು. ಅರ್ಜುನನಿಗೆ ನಾಚಿಕೆಯಾಯಿತೋ ಒಳಗೊಳಗೇ ಖುಷಿಯಾಯಿತೋ ಅಂತ ಹಿಂದಿನ ಬೆಂಚಿನವರು ಊಟದ ಬೆಲ್ ಹೊಡೆದರೂ ಜಗಳ ಬಿಡಲಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಬರೆದವಳು ನನ್ನ ಪಕ್ಕದ ಸಾಲಿನ ಹುಡುಗಿ. ಹೆಬ್ಬೆರಳು ಕೊಟ್ಟ ದಿನ ರಾತ್ರಿ ಏಕಲವ್ಯ ಊಟಕ್ಕೆ ಕೂರುತ್ತಾನೆ. ಅವ್ವ ಬಿಸಿ ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಡುತ್ತಾಳೆ. ಅವನು ಉಳಿದ ಬೆರಳುಗಳಲ್ಲಿ ಮುದ್ದೆಯನ್ನು ಅತ್ತ ಇತ್ತ ತಳ್ಳಿ, "ಇನ್ ಮುದ್ದೆ ಮುರಿಯೋದು ಹೆಂಗವ್ವ?" ಅನ್ನುತ್ತಾನೆ. ಅಷ್ಟೇ ದೃಶ್ಯ. ಮಹಾಭಾರತದ ಕಾಡಲ್ಲಿ ರಾಗಿ ಇತ್ತಾ ಅಂತ ಕೇಳಬೇಡಿ, ಸಾಲು ಕೇಳುವ ಮೇಷ್ಟ್ರೇ ಅವತ್ತು ಕೇಳಲಿಲ್ಲ.

ಆಮೇಲೆ ಅವಳಿಗೇ ನಾಟಕದ ಅಬ್ಬೆಯ ಮಾತು ಓದಲು ಕೊಟ್ಟರು. ಬೆರಳು ಕೇಳಿದ ದ್ರೋಣನಿಗೆ ಕೊರಳೇ ಹೋಗಲಿ ಎಂದು ತಾಯಿ ಶಪಿಸುವ ಜಾಗ. ಹಳಗನ್ನಡದ ಒಂದಕ್ಷರವೂ ಬದಲಾಗಿರಲಿಲ್ಲ. ಅವಳು ಮಾತ್ರ ಸೆರಗು ಸಿಕ್ಕಿಸಿಕೊಂಡು ಬೇಲಿ ಹತ್ತಿರ ಜಗಳಕ್ಕೆ ನಿಂತ ಹೆಂಗಸಿನ ದನಿಯಲ್ಲಿ ಓದಿದಳು. ಇನ್ನು ಅರ್ಥ ಯಾರಿಗೆ ಹೇಳಬೇಕು?

ವಾರ್ಷಿಕೋತ್ಸವಕ್ಕೆ ಎರಡನ್ನೂ ಸೇರಿಸಿ ಆಡಿದೆವು. ಕುವೆಂಪು ಮಾತನ್ನು ಮುಟ್ಟಲಿಲ್ಲ, ಕೊನೆಗೆ ಮುದ್ದೆ ದೃಶ್ಯ. ಮುದ್ದೆ ನಿಜವಾದದ್ದೇ, ಹಾಸ್ಟೆಲ್ಲಿನಿಂದ ತಂದದ್ದು. ನನ್ನದು ಪರದೆ ಎಳೆಯುವ ಕೆಲಸ.

ಚಿಕ್ಕಪ್ಪ ಮುಂದಿನ ಸಾಲಲ್ಲೇ ಕೂತಿದ್ದರು. ಮುಗಿದ ಮೇಲೆ ಮೇಷ್ಟ್ರ ಹತ್ತಿರ ಬಂದು, "ಎಲ್ಲ ಸರಿ ಸಾ, ಒಂದಾದ್ರೂ ಹಾಡು ಬ್ಯಾಡ್ವಾ?" ಅಂದರು. ಮರುವರ್ಷ ಮೇಷ್ಟ್ರು ಅವರನ್ನೇ ಕರೆಸಿದರು. ಚಿಕ್ಕಪ್ಪ ಹಾರ್ಮೋನಿಯಂ ಹೊತ್ತುಕೊಂಡೇ ಬಂದರು.