ಹೆಡ್‌ಸೆಟ್ ಒಳಗೊಂದು ಸೊಪ್ಪಿನ ಅಂಗಡಿ: ಐದನೇ ವಾರ

ಪಕ್ಕದ ಮನೆಗೆ ಬಂದಿರುವ ಒಡಿಶಾದ ಹುಡುಗನಿಗೆ ಕನ್ನಡ ಕಲಿಸೋಣ ಅಂತ ಶುರುವಾದ ಕೆಲಸ ಇದು. ಅವನ ಹತ್ತಿರ ಆ್ಯಪ್ ಇದೆ, ಪುಸ್ತಕವೂ ಇದೆ. ಆದರೆ ಸೊಪ್ಪಿನಜ್ಜಿ ಮುಂದೆ ನಿಂತರೆ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಅಂಗಡಿಯನ್ನೇ ಕ್ವೆಸ್ಟ್ 2 ಎಂಬ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಒಳಗೆ ಕಟ್ಟುತ್ತಿದ್ದೇನೆ. ವಿಆರ್ ದೃಶ್ಯ ಕಟ್ಟುವ ಎ-ಫ್ರೇಮ್ ಎಂಬ ಸಾಫ್ಟ್‌ವೇರ್ ಬಳಸಿದ್ದೇನೆ. ಉಚಿತ, ಬ್ರೌಸರ್‌ನಲ್ಲೇ ಓಡುತ್ತದೆ.

ಮೊದಲೆರಡು ವಾರ ದಂಡ. ಬೆಳಿಗ್ಗೆ ಎದ್ದು ಮಲ್ಲೇಶ್ವರಕ್ಕೆ ಹೋಗಿ ಮಾರ್ಕೆಟ್ಟಿನ 360 ಡಿಗ್ರಿ ಫೋಟೊ ತಂದೆ. ನೋಡಲು ಚೆನ್ನಾಗಿತ್ತು. ಪಾಠ ಬರೆಯಲು ಕೂತಾಗ ಸಿಕ್ಕಿಹಾಕಿಕೊಂಡೆ. ಮೊದಲ ಪಾಠವೇ ‘ಇದು ಎಷ್ಟು? ಅದು ಎಷ್ಟು?’ ಅಂತ. 360 ಫೋಟೊದಲ್ಲಿ ಎಲ್ಲವೂ ದೊಡ್ಡ ಚೆಂಡಿನ ಒಳಮೈಗೆ ಅಂಟಿಸಿದ ಹಾಗಿರುತ್ತದೆ. ಕಾಲ ಬುಡದ ಟೊಮೆಟೊ, ರಸ್ತೆಯಾಚೆಯ ಕುಂಬಳಕಾಯಿ, ಎರಡೂ ಒಂದೇ ದೂರ. ಆಮೇಲೆ ಯಾವುದು ಇದು, ಯಾವುದು ಅದು?

ಫೋಟೊವನ್ನು ಹಿಂದಕ್ಕೆ ತಳ್ಳಿ, ಮುಂದೆ ನಾಲ್ಕು ಬುಟ್ಟಿಯ 3ಡಿ ಮಾಡೆಲ್ ಇಟ್ಟೆ. ಈಗ ಕೈಗೆ ಸಿಗುವುದು ‘ಇದು’, ಒಂದು ಮೀಟರಿನ ಆಚೆಗಿನದು ‘ಅದು’. ಹುಡುಗ ಕೈಯಲ್ಲಿನ ಕಂಟ್ರೋಲರ್‌ನಿಂದ ತೋರಿಸಿದ ಬುಟ್ಟಿಯ ದೂರವನ್ನು ಪ್ರೋಗ್ರಾಂ ಅಳೆದು, ಯಾವ ಪದ ಬರಬೇಕು ಅಂತ ನನ್ನ ಲ್ಯಾಪ್‌ಟಾಪ್‌ನಲ್ಲಿ ತೋರಿಸುತ್ತದೆ. ಹತ್ತು ಸಾಲಿನ ಕೋಡ್, ಅಷ್ಟೆ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಮಾತು ಗುರುತಿಸುವ ಮಾಡೆಲ್ ಒಂದನ್ನು ಹಾಕಿ ನೋಡಿದೆ, ‘ಕಾಲು ಕೆಜಿ’ ಅಂದರೆ ಏನೇನೋ ಬರೆಯಿತು. ಸದ್ಯಕ್ಕೆ ಆ ಮಾಡೆಲ್ ನಾನೇ. ಪಕ್ಕದಲ್ಲಿ ಕೂತು, ಕೇಳಿಸಿಕೊಂಡು, ಸರಿಯೋ ತಪ್ಪೋ ಕೀ ಒತ್ತುತ್ತೇನೆ. ಅಜ್ಜಿಯ ದನಿ ನಮ್ಮಮ್ಮನದು. ಸ್ಕ್ರಿಪ್ಟ್ ಕೊಟ್ಟಿದ್ದೆ, ಅವರು ಓದಲಿಲ್ಲ. ‘ಯಾವ್ದಪ್ಪಾ, ಇದಾ?’ ಅಂತ ತಾವೇ ಹೇಳಿದರು. ಅದೇ ಸರಿ ಇತ್ತು.

ಅಂಗಡಿಯ ಬೋರ್ಡ್ ಒಂದು ವಾರ ತಿಂದಿತು. ‘ಕೊತ್ತಂಬರಿ ಸೊಪ್ಪು’ ಅಂತ ಬರೆದರೆ ಹೆಡ್‌ಸೆಟ್ ಒಳಗೆ ‘ಕೊತ್‌ತಂಬರಿ ಸೊಪ್‌ಪು’ ಅಂತ ಕಾಣುತ್ತಿತ್ತು. ವಿಆರ್‌ನಲ್ಲಿ ಸಾಮಾನ್ಯವಾಗಿ ಅಕ್ಷರದ ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಹೋಗುತ್ತಾರೆ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಒತ್ತಕ್ಷರ ಕೆಳಗಿಳಿಯಬೇಕಲ್ವಾ? ಕೊನೆಗೆ ಬರಹವನ್ನು ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಜಾಗವಾದ ಕ್ಯಾನ್ವಾಸ್ ಮೇಲೆ ಬರೆಸಿ, ಆ ಚಿತ್ರವನ್ನೇ ಬೋರ್ಡಿಗೆ ಅಂಟಿಸಿದೆ. ಬ್ರೌಸರ್‌ಗೆ ಒತ್ತು ಕೊಡುವುದು ಗೊತ್ತು.

ಇನ್ನೊಂದು. ಕೊತ್ತಂಬರಿಯ ಎಲೆ ಎಲೆಯನ್ನೂ ಬಿಡಿಸಿದ ಮಾಡೆಲ್ ಹಾಕಿದ್ದೆ. ಸೆಕೆಂಡಿಗೆ 72 ಫ್ರೇಮ್ ಬರದೆ ಚಿತ್ರ ಜಗ್ಗಿ, ತಲೆ ಸುತ್ತು ಬಂತು. ಈಗ ಕಟ್ಟು ಅಂದರೆ ಸುಮ್ನೆ ಒಂದು ಹಸಿರು ಪೊಟ್ಟಣ.

ಭಾನುವಾರ ಹುಡುಗ ನಿಜವಾದ ಅಜ್ಜಿಯ ಹತ್ತಿರ ಹೋದ. ನಾನು ಸ್ವಲ್ಪ ದೂರ ನಿಂತಿದ್ದೆ. ಕೈ ತೋರಿಸಿ ‘ಇದು ಎರಡು ಕಟ್ಟು ಕೊಡಿ’ ಅಂದ, ಒಂದೂ ತಪ್ಪಿಲ್ಲದೆ. ಅಜ್ಜಿ ಸೊಪ್ಪು ಕೊಟ್ಟು, ‘ಚಿಲ್ರೆ ಇದ್ಯಾ?’ ಅಂದರು. ಇವನು ಧೈರ್ಯವಾಗಿ ‘ಕಾಲು ಕೆಜಿ’ ಅಂದ.

ಮುಂದಿನ ವಾರ ಚಿಲ್ಲರೆ ಪಾಠ.